ಸ್ಟಾರ್ಟ್ ಮಾಡೋದು ಕೊನೆಯ ಕೆಲಸ

ಕಳೆದ ಸಂಕ್ರಾಂತಿ ರಜೆಯಲ್ಲಿ ನಾವು ನಾಲ್ಕು ಜನ ಸೇರಿ ಒಂದು ತಪ್ಪು ಮಾಡಿದ್ವಿ. ಈ ಲೇಖನ ಹುಟ್ಟಿದ್ದೇ ಆ ತಪ್ಪಿನಿಂದ. ಹಾಗಾಗಿ ಅದನ್ನೇ ಮೊದಲು ಹೇಳಿಬಿಡ್ತೀವಿ.

ನಮ್ಮಲ್ಲೊಬ್ಬನ ಊರು ಮಂಡ್ಯದ ಕಡೆ. ಅವರ ಹಳೇ ಆಲೆಮನೆಯ ಮೂಲೆಯಲ್ಲಿ ಕಬ್ಬಿನ ಗಾಣ ತಿರುಗಿಸ್ತಿದ್ದ ಒಂದು ಆಯಿಲ್ ಎಂಜಿನ್ ನಿಂತಿದೆ. ಕರೆಂಟ್ ಮೋಟಾರ್ ಬಂದ ಮೇಲೆ ಅದನ್ನ ಯಾರೂ ಮುಟ್ಟಿಲ್ಲ. ಇಪ್ಪತ್ತು ವರ್ಷದ ಮೇಲಾಯ್ತಂತೆ. "ನಾವು ಮೆಕ್ಯಾನಿಕಲ್‌ನವರು ತಾತ, ಎರಡೇ ದಿನದಲ್ಲಿ ಸ್ಟಾರ್ಟ್ ಮಾಡಿ ತೋರಿಸ್ತೀವಿ" ಅಂತ ಜಂಬದಲ್ಲಿ ಕೈ ಹಾಕಿದ್ವಿ. ಫ್ಲೈವೀಲ್ ಒಂದು ಇಂಚೂ ಅಲ್ಲಾಡಲಿಲ್ಲ. ನಾಲ್ಕು ಜನ ನೇತಾಡಿದ್ವಿ. ಆಮೇಲೆ ಸಮ್ಮಟಿಗೆ ತಂದ್ವಿ. ಮೊದಲ ಏಟಿಗೆ ಗಂಟೆ ಹೊಡೆದ ಹಾಗೆ ಸದ್ದು ಬಂತು. ಮೂರನೇ ಏಟಿಗೆ ಸದ್ದು ಬದಲಾಯ್ತು, ಒಡೆದ ಮಡಕೆ ಬಡಿದ ಹಾಗೆ. ನೋಡಿದ್ರೆ ಫ್ಲೈವೀಲ್‌ನ ಒಂದು ಕಡ್ಡಿಯಲ್ಲಿ ಕೂದಲೆಳೆ ಬಿರುಕು.

ಬಿರುಕು ಬಿಟ್ಟ ಫ್ಲೈವೀಲ್ ಹಾಕಿಕೊಂಡು ಎಂಜಿನ್ ಓಡಿಸೋ ಹಾಗಿಲ್ಲ. ಪ್ರತಿ ಸುತ್ತಿಗೂ ಬಿರುಕು ಬೆಳೆಯುತ್ತೆ. ಒಂದು ದಿನ ಚಕ್ರ ಸಿಡಿದರೆ ಆಲೆಮನೆಯ ಗೋಡೆಯೂ ಅದನ್ನ ತಡೆಯಲ್ಲ. ಅಂದ್ರೆ ಇಪ್ಪತ್ತು ವರ್ಷದ ತುಕ್ಕಿಗೂ ಆಗದ ಕೆಲಸವನ್ನ ನಾವು ಹತ್ತು ನಿಮಿಷದಲ್ಲಿ ಮಾಡಿ ಮುಗಿಸಿದ್ವಿ. ತಾತ ಬೈಲಿಲ್ಲ. "ಇಷ್ಟ್ ವರ್ಷ ಕಾದಿತ್ತಲ್ರಪ್ಪ, ಇನ್ನೊಂದ್ ತಿಂಗ್ಳು ಕಾಯ್ತಿರ್ಲಿಲ್ವಾ?" ಅಂದ್ರು, ಅಷ್ಟೇ.

ಕ್ಯಾಂಪಸ್‌ಗೆ ವಾಪಸ್ ಬಂದ ಮೇಲೆ, ಈ ಕೆಲಸವನ್ನ ಸರಿಯಾಗಿ ಮಾಡೋರು ಹೇಗೆ ಮಾಡ್ತಾರೆ ಅಂತ ಹುಡುಕೋಕೆ ಶುರು ಮಾಡಿದ್ವಿ. ಆಗ ನಮಗೆ ಸಿಕ್ಕ ಒಳ್ಳೆ ಮೇಷ್ಟ್ರುಗಳು ಅಂದ್ರೆ ಅಪರೂಪದ ಹಳೇ ಟ್ರ್ಯಾಕ್ಟರ್‌ಗಳನ್ನ ರಿಸ್ಟೋರ್ ಮಾಡೋರು. ಅವರ ಕೈಯಲ್ಲಿರೋ ಭಾಗ ಒಡೆದರೆ ಅಂಗಡಿಯಲ್ಲಿ ಇನ್ನೊಂದು ಸಿಗಲ್ಲ. ಹಾಗಾಗಿ ಪ್ರತಿ ಹೆಜ್ಜೆಗೂ ಕಾರಣ ಇಟ್ಟುಕೊಂಡಿರ್ತಾರೆ. ಎಲ್ಲಾ ಟ್ರ್ಯಾಕ್ಟರ್ ಬಗ್ಗೆ ಬರೆಯೋ ಬದಲು ಒಂದನ್ನೇ ಆರಿಸಿಕೊಂಡಿದ್ದೀವಿ. ಅದು ಜರ್ಮನಿಯ ಲಾಂಟ್ಸ್ ಬುಲ್‌ಡಾಗ್.

ಯಾರು ಈ ಬುಲ್‌ಡಾಗ್?

ಜರ್ಮನಿಯ ಮಾನ್‌ಹೈಮ್ ನಗರದಲ್ಲಿ ಹೈನ್ರಿಷ್ ಲಾಂಟ್ಸ್ ಅನ್ನೋ ಕಂಪನಿ ಇತ್ತು. ಕಾಳು ಬಡಿಯೋ ಯಂತ್ರ, ಉಗಿ ಎಂಜಿನ್‌ಗಳಿಗೆ ಹೆಸರುವಾಸಿ. ಅಲ್ಲಿನ ಎಂಜಿನಿಯರ್ ಫ್ರಿಟ್ಸ್ ಹೂಬರ್ 1921ರಲ್ಲಿ ಒಂದು ವಿಚಿತ್ರ ಟ್ರ್ಯಾಕ್ಟರ್ ಹೊರತಂದರು. ಒಂದೇ ಸಿಲಿಂಡರ್, ಅದೂ ಮಲಗಿಸಿದ್ದು. ಕೆಪಾಸಿಟಿ ಸುಮಾರು 6.2 ಲೀಟರ್. ಪವರ್ ಬರೀ 12 ಹಾರ್ಸ್ ಪವರ್, ವೇಗ ನಿಮಿಷಕ್ಕೆ ಸುಮಾರು 420 ಸುತ್ತು. ಮುಂದುಗಡೆ ಚಾಚಿಕೊಂಡ ಎಂಜಿನ್ ತಲೆ ಬುಲ್‌ಡಾಗ್ ನಾಯಿಯ ಮೂತಿ ಥರ ಕಾಣ್ತಿತ್ತು, ಅದಕ್ಕೇ ಆ ಹೆಸರು ಬಂತು ಅಂತಾರೆ.

ಈ ಮೊದಲ ಮಾದರಿಯಲ್ಲಿ ರೇಡಿಯೇಟರ್ ಇರಲಿಲ್ಲ. ಎಂಜಿನ್ ಮೇಲಿನ ತೊಟ್ಟಿಯಲ್ಲಿ ನೀರು ಕುದಿದು ಆವಿಯಾಗ್ತಿತ್ತು, ರೈತ ಮತ್ತೆ ನೀರು ತುಂಬಿಸ್ತಿದ್ದ. ರಿವರ್ಸ್ ಗೇರ್ ಕೂಡ ಇರಲಿಲ್ಲ. ಹಿಂದಕ್ಕೆ ಹೋಗಬೇಕಾದ್ರೆ ಎಂಜಿನ್ನನ್ನೇ ಉಲ್ಟಾ ತಿರುಗಿಸ್ತಿದ್ರು! ಅದು ಹೇಗೆ ಸಾಧ್ಯ ಅಂತ ಮುಂದೆ ಹೇಳ್ತೀವಿ.

ಬುಲ್‌ಡಾಗ್ ವರ್ಷದಿಂದ ವರ್ಷಕ್ಕೆ ದೊಡ್ಡದಾಗ್ತಾ ಹೋಯ್ತು. ನಂತರದ 45 ಹಾರ್ಸ್ ಪವರ್‌ನ ಮಾದರಿಯಲ್ಲಿ ಸಿಲಿಂಡರ್ ವ್ಯಾಸ 225 ಮಿಲಿಮೀಟರ್, ಸ್ಟ್ರೋಕ್ 260 ಮಿಲಿಮೀಟರ್. ಲೆಕ್ಕ ಹಾಕಿ ನೋಡಿ: ಒಂದೇ ಸಿಲಿಂಡರ್‌ನಲ್ಲಿ 10.3 ಲೀಟರ್! ನಮ್ಮ ಪಾರ್ಕಿಂಗ್‌ನಲ್ಲಿರೋ 100 ಸಿಸಿ ಬೈಕ್‌ಗಳಲ್ಲಿ ನೂರಕ್ಕೂ ಹೆಚ್ಚು ಬೈಕ್‌ಗಳ ಸಿಲಿಂಡರ್ ಒಂದರಲ್ಲೇ ಸೇರಿದ ಹಾಗೆ. ಪೋಲೆಂಡಿನ ಉರ್ಸುಸ್ ಕಂಪನಿ ಎರಡನೇ ಮಹಾಯುದ್ಧ ಮುಗಿದ ಮೇಲೆ ಇದೇ ವಿನ್ಯಾಸವನ್ನ ಅನುಸರಿಸಿ ಟ್ರ್ಯಾಕ್ಟರ್ ಮಾಡಿತು. ಒಟ್ಟು ಎರಡು ಲಕ್ಷಕ್ಕೂ ಹೆಚ್ಚು ಬುಲ್‌ಡಾಗ್‌ಗಳು ಮಾನ್‌ಹೈಮ್‌ನಿಂದ ಹೊರಬಂದವು. ನಮ್ಮಲ್ಲಿ ಮಣ್ಣು ತೋಡೋ ಯಾವ ಯಂತ್ರ ಕಂಡ್ರೂ "ಜೆಸಿಬಿ" ಅಂತೀವಲ್ಲ, ಹಾಗೇ ದಕ್ಷಿಣ ಜರ್ಮನಿಯ ಹಳ್ಳಿಗಳಲ್ಲಿ ಯಾವ ಟ್ರ್ಯಾಕ್ಟರ್ ಆದ್ರೂ "ಬುಲ್‌ಡಾಗ್" ಅನ್ನೋ ರೂಢಿ ಇದೆ. 1956ರಲ್ಲಿ ಅಮೆರಿಕದ ಜಾನ್ ಡಿಯರ್ ಕಂಪನಿ ಲಾಂಟ್ಸ್‌ನ ಹೆಚ್ಚಿನ ಪಾಲು ಕೊಂಡಿತು. ಕೆಲವೇ ವರ್ಷಗಳಲ್ಲಿ ಬುಲ್‌ಡಾಗ್ ಕಥೆ ಮುಗಿಯಿತು. ಮಾನ್‌ಹೈಮ್ ಕಾರ್ಖಾನೆಯಲ್ಲಿ ಇವತ್ತಿಗೂ ಟ್ರ್ಯಾಕ್ಟರ್ ತಯಾರಾಗುತ್ತೆ, ಆದರೆ ಜಾನ್ ಡಿಯರ್ ಹೆಸರಲ್ಲಿ.

ಹೀಗಾಗಿ ಉಳಿದಿರೋ ಬುಲ್‌ಡಾಗ್‌ಗಳು, ಅದರಲ್ಲೂ 1920ರ ದಶಕದವು, ಇವತ್ತು ಬಹಳ ಅಪರೂಪ. ಹಳೇ ಕೊಟ್ಟಿಗೆಯಲ್ಲೋ ಗುಜರಿ ರಾಶಿಯಲ್ಲೋ ಒಂದು ಸಿಕ್ಕರೆ ಅದಕ್ಕೆ ಮತ್ತೆ ಜೀವ ಕೊಡೋದು ವರ್ಷಗಟ್ಟಲೆ ಹಿಡಿಯೋ ಕೆಲಸ.

ಕೆಂಡದ ತಲೆ

ರಿಸ್ಟೋರ್ ಮಾಡೋಕೆ ಮುಂಚೆ ಯಂತ್ರ ಹೇಗೆ ಕೆಲಸ ಮಾಡುತ್ತೆ ಅಂತ ತಿಳಿದಿರಬೇಕು. ಇಲ್ಲಾಂದ್ರೆ ಯಾವುದು ಹಾಳಾಗಿದೆ, ಯಾವುದು ಇರೋದೇ ಹಾಗೆ ಅಂತ ಗೊತ್ತಾಗಲ್ಲ.

ಬುಲ್‌ಡಾಗ್‌ನಲ್ಲಿರೋದು ಹಾಟ್ ಬಲ್ಬ್ ಎಂಜಿನ್. ಜರ್ಮನ್ನರು ಇದನ್ನ "ಗ್ಲೂಕೋಫ್" ಅಂತಾರೆ, ಅಂದ್ರೆ ಕೆಂಡದ ಹಾಗೆ ಹೊಳೆಯೋ ತಲೆ. ಈ ಕಲ್ಪನೆ ಇಂಗ್ಲೆಂಡಿನ ಹರ್ಬರ್ಟ್ ಅಕ್ರಾಯ್ಡ್ ಸ್ಟುವರ್ಟ್ ಅವರದು, 1890ರ ಕಾಲದ್ದು. ಸಿಲಿಂಡರ್ ತಲೆಯಲ್ಲಿ ಬೀಡಿನ ಒಂದು ಬುರುಡೆ ಇರುತ್ತೆ. ಅದಕ್ಕೆ ತಂಪು ಮಾಡೋ ನೀರು ತಾಗಲ್ಲ. ಹಾಗಾಗಿ ಅದು ಸದಾ ಕಾದಿರುತ್ತೆ. ಅದರೊಳಗೆ ಇಂಧನ ಚಿಮ್ಮಿಸಿದರೆ ಆವಿಯಾಗಿ, ಒತ್ತಿದ ಗಾಳಿ ಸಿಕ್ಕಾಗ ಹೊತ್ತಿಕೊಳ್ಳುತ್ತೆ. ಸ್ಪಾರ್ಕ್ ಪ್ಲಗ್ ಬೇಡ, ಮ್ಯಾಗ್ನೆಟೋ ಬೇಡ.

ಡೀಸೆಲ್ ಎಂಜಿನ್‌ಗೂ ಇದಕ್ಕೂ ಏನು ವ್ಯತ್ಯಾಸ? ಥರ್ಮೋ ಕ್ಲಾಸ್‌ನ ಸೂತ್ರ ನೆನಪಿಸಿಕೊಳ್ಳಿ. ಐಸೆಂಟ್ರೋಪಿಕ್ ಕಂಪ್ರೆಶನ್‌ನಲ್ಲಿ ತಾಪಮಾನ, ಕಂಪ್ರೆಶನ್ ರೇಶಿಯೋದ 0.4ನೇ ಘಾತದಷ್ಟು ಪಟ್ಟು ಏರುತ್ತೆ. 300 ಕೆಲ್ವಿನ್ ಗಾಳಿಯನ್ನ 16ರ ರೇಶಿಯೋದಲ್ಲಿ ಒತ್ತಿದರೆ ಸುಮಾರು 909 ಕೆಲ್ವಿನ್, ಅಂದ್ರೆ 636 ಡಿಗ್ರಿ ಸೆಲ್ಸಿಯಸ್. ಡೀಸೆಲ್ ತಾನಾಗೇ ಹೊತ್ತಿಕೊಳ್ಳೋಕೆ ಇದು ಧಾರಾಳ. ಹಾಟ್ ಬಲ್ಬ್ ಎಂಜಿನ್‌ನಲ್ಲಿ ಈ ರೇಶಿಯೋ 5ರ ಆಸುಪಾಸು. ಅದೇ ಸೂತ್ರದಲ್ಲಿ ಸುಮಾರು 571 ಕೆಲ್ವಿನ್, ಅಂದ್ರೆ 298 ಡಿಗ್ರಿ. ಇದೂ ಆದರ್ಶ ಲೆಕ್ಕ. ತಣ್ಣನೆ ಗೋಡೆಗೆ ಶಾಖ ಹೋಗೋದ್ರಿಂದ ನಿಜವಾಗಿ ಇನ್ನೂ ಕಡಿಮೆ.

ಇಲ್ಲಿ ನಮಗೊಂದು ಡೌಟ್ ಬಂತು. ಡೀಸೆಲ್‌ನ ಸ್ವಯಂದಹನ ತಾಪಮಾನ 210ರಿಂದ 250 ಡಿಗ್ರಿ ಅಂತ ಕೈಪಿಡಿಗಳಲ್ಲಿ ಇರುತ್ತೆ. ಹಾಗಾದ್ರೆ 298 ಡಿಗ್ರಿ ಸಾಕಲ್ವಾ? ಸಾಲದು. ಆ ಸಂಖ್ಯೆ ಪ್ರಯೋಗಾಲಯದಲ್ಲಿ ನಿಧಾನವಾಗಿ ಕಾದು ನೋಡಿದಾಗ ಬರೋದು. ಎಂಜಿನ್‌ನಲ್ಲಿ ಅಷ್ಟು ಪುರುಸೊತ್ತು ಇರಲ್ಲ, ಸೆಕೆಂಡಿನ ಸಣ್ಣ ಭಾಗದಲ್ಲಿ ಹೊತ್ತಿಕೊಳ್ಳಬೇಕು. ಆ ಕೊರತೆಯನ್ನ ತುಂಬೋದೇ ಕಾದ ಬುರುಡೆ.

ಇದರಿಂದ ಏನು ಲಾಭ? ಒತ್ತಡ ಕಡಿಮೆ, ಹಾಗಾಗಿ ಭಾಗಗಳು ಸರಳ. ಇಂಧನ ಚೊಕ್ಕವಾಗಿ ಇರಬೇಕು ಅಂತಿಲ್ಲ. ಕಚ್ಚಾ ತೈಲ, ಬಳಸಿ ಬಿಟ್ಟ ಎಣ್ಣೆ, ಅಡುಗೆ ಎಣ್ಣೆ, ಏನು ಕೊಟ್ಟರೂ ನುಂಗುತ್ತೆ. 45 ಹಾರ್ಸ್ ಪವರ್ ಮಾದರಿ ನಿಮಿಷಕ್ಕೆ 630 ಸುತ್ತಿನಲ್ಲಿ ಓಡುತ್ತೆ ಅಂತ ಇಟ್ಟುಕೊಂಡು ಮೀನ್ ಎಫೆಕ್ಟಿವ್ ಪ್ರೆಶರ್ ಲೆಕ್ಕ ಹಾಕಿದ್ವಿ. ಬಂದಿದ್ದು ಬರೀ 3 ಬಾರ್! ಟಾರ್ಕ್ ಮಾತ್ರ ಸುಮಾರು 500 ನ್ಯೂಟನ್ ಮೀಟರ್. ಅಂದ್ರೆ ಇದು ಮೆಲ್ಲಗೆ, ಆದರೆ ಬಿಡದೆ ಎಳೆಯೋ ಎತ್ತು.

ಇನ್ನು ಉಲ್ಟಾ ತಿರುಗೋ ಕಥೆ. ಇದು ಟೂ ಸ್ಟ್ರೋಕ್ ಎಂಜಿನ್. ವಾಲ್ವ್‌ಗಳಿಲ್ಲ, ಸಿಲಿಂಡರ್ ಗೋಡೆಯಲ್ಲಿರೋ ಪೋರ್ಟ್‌ಗಳನ್ನ ಪಿಸ್ಟನ್ನೇ ತೆರೆದು ಮುಚ್ಚುತ್ತೆ. ಪಿಸ್ಟನ್ ಕೆಳಗೆ ಹೋಗುವಾಗ ಯಾವ ಜಾಗದಲ್ಲಿ ಪೋರ್ಟ್ ತೆರೆಯುತ್ತೋ, ಮೇಲೆ ಬರುವಾಗ ಅದೇ ಜಾಗದಲ್ಲಿ ಮುಚ್ಚುತ್ತೆ. ಕ್ರ್ಯಾಂಕ್ ಯಾವ ಕಡೆ ತಿರುಗಿದ್ರೂ ಈ ಸಮಯ ಒಂದೇ. ಸ್ಪಾರ್ಕ್ ಟೈಮಿಂಗ್ ಅನ್ನೋದೂ ಇಲ್ಲ. ಹಾಗಾಗಿ ಎಂಜಿನ್ ನಿಲ್ಲೋ ಹಂತಕ್ಕೆ ಬಂದಾಗ ಸರಿಯಾದ ಹೊತ್ತಿಗೆ ಇಂಧನ ಕೊಟ್ಟರೆ, ಕಂಪ್ರೆಶನ್‌ಗೆ ತಾಗಿ ವಾಪಸ್ ಪುಟಿದು ಉಲ್ಟಾ ಓಡುತ್ತೆ. 1921ರಲ್ಲಿ ಇದು ಅನುಕೂಲ. ಇವತ್ತು ರಿಸ್ಟೋರ್ ಮಾಡೋರಿಗೆ ಇದೇ ಅಪಾಯ. ಐಡ್ಲಿಂಗ್‌ನಲ್ಲಿ ಗೊತ್ತಿಲ್ಲದೆ ದಿಕ್ಕು ಬದಲಾದ್ರೆ, ಮುಂದೆ ಹೋಗಬೇಕಾದ ಟ್ರ್ಯಾಕ್ಟರ್ ಹಿಂದೆ ನಿಂತವರ ಮೇಲೆ ಹೋಗುತ್ತೆ.

ಮೊದಲ ದಿನ ಸ್ಪ್ಯಾನರ್ ಬೇಡ

ಈಗ ಕೆಲಸಕ್ಕೆ ಬರೋಣ. ಟ್ರ್ಯಾಕ್ಟರ್ ಶೆಡ್‌ಗೆ ಬಂದ ದಿನ ಪಳಗಿದವರು ಏನು ಮಾಡ್ತಾರೆ ಗೊತ್ತಾ? ಫೋಟೋ ತೆಗೀತಾರೆ. ಎಲ್ಲಾ ಕಡೆಯಿಂದ, ನೂರಾರು. ಯಾವ ಪೈಪ್ ಎಲ್ಲಿಂದ ಎಲ್ಲಿಗೆ ಹೋಗಿದೆ, ಯಾವ ಬೋಲ್ಟ್ ಕೆಳಗೆ ಎಷ್ಟು ವಾಷರ್ ಇವೆ, ಎಲ್ಲ. ನಂಬರ್ ಪ್ಲೇಟ್, ಎಂಜಿನ್ ಮೇಲಿನ ಎರಕದ ನಂಬರ್‌ಗಳನ್ನ ಬರೆದಿಟ್ಟುಕೊಳ್ತಾರೆ. ಮಾದರಿ ಯಾವುದು, ಯಾವ ವರ್ಷದ್ದು, ಯಾವ ಭಾಗ ಬೇರೆ ಟ್ರ್ಯಾಕ್ಟರ್‌ನಿಂದ ಬಂದಿದ್ದು ಅಂತ ಪತ್ತೆ ಮಾಡೋಕೆ ಇವೇ ಆಧಾರ.

ಆಮೇಲೂ ಪ್ರೆಶರ್ ವಾಷರ್ ಹಿಡಿಯಲ್ಲ. ಜಿಡ್ಡಿನ ಪದರದ ಕೆಳಗೆ ಹಳೇ ಬಣ್ಣ, ಕಾರ್ಖಾನೆಯ ಗುರುತು, ಕೆಲವು ಸಲ ರೈತನೇ ಕೆತ್ತಿದ ಹೆಸರು ಇರಬಹುದು. ಜೋರಾಗಿ ನೀರು ಬಿಟ್ಟರೆ ಅದೆಲ್ಲ ಹೋಗುತ್ತೆ. ಜೊತೆಗೆ ತೆರೆದಿರೋ ಪೋರ್ಟ್‌ನಿಂದ ನೀರು ಸಿಲಿಂಡರ್ ಒಳಗೆ ಸೇರುತ್ತೆ. ಮೊದಲು ಮರದ ಚೂರಿನಿಂದ ಕೆರೆದು, ಸೀಮೆಎಣ್ಣೆಯಲ್ಲಿ ಒರೆಸಿ ನೋಡ್ತಾರೆ.

ಬಿಚ್ಚೋಕೆ ಶುರು ಮಾಡಿದ ಮೇಲೂ ಒಂದು ಶಿಸ್ತು ಇದೆ. ಬಿಚ್ಚಿದ ಪ್ರತಿ ಭಾಗಕ್ಕೂ ಚೀಟಿ ಕಟ್ಟಬೇಕು, ಬೋಲ್ಟ್‌ಗಳನ್ನ ಅದೇ ತೂತಿನ ಹೆಸರು ಬರೆದ ಡಬ್ಬಿಗೆ ಹಾಕಬೇಕು. ಒಂದೂವರೆ ವರ್ಷ ಆದ ಮೇಲೆ ಜೋಡಿಸುವಾಗ ನೆನಪು ಕೈ ಕೊಡುತ್ತೆ, ಚೀಟಿ ಕೈ ಕೊಡಲ್ಲ. ನಾವು ತಾತನ ಎಂಜಿನ್‌ನ ಒಂದೇ ಒಂದು ಫೋಟೋ ತೆಗೆದಿದ್ವಿ. ಅದೂ ಸೆಲ್ಫಿ.

ಹಿಡಿದುಕೊಂಡ ಪಿಸ್ಟನ್

ನಾವು ಸೋತ ಜಾಗ ಇದು. ಹಾಗಾಗಿ ಸ್ವಲ್ಪ ವಿವರವಾಗಿ ಹೇಳ್ತೀವಿ.

ವರ್ಷಗಟ್ಟಲೆ ನಿಂತ ಎಂಜಿನ್ ಯಾಕೆ ಜಾಮ್ ಆಗುತ್ತೆ? ಪಿಸ್ಟನ್ ರಿಂಗ್ ಕಬ್ಬಿಣ, ಸಿಲಿಂಡರ್ ಗೋಡೆಯೂ ಕಬ್ಬಿಣ. ನಡುವೆ ಇದ್ದ ಎಣ್ಣೆ ಪದರ ಇಳಿದು ಹೋಗುತ್ತೆ, ತೇವ ಸೇರುತ್ತೆ, ತುಕ್ಕು ಹಿಡಿಯುತ್ತೆ. ಕಬ್ಬಿಣಕ್ಕಿಂತ ತುಕ್ಕಿಗೆ ಜಾಗ ಜಾಸ್ತಿ ಬೇಕು. ಆ ಸಣ್ಣ ಸಂದಿಯಲ್ಲಿ ಅದು ಉಬ್ಬಿ ಬೆಣೆ ಹೊಡೆದ ಹಾಗೆ ಬಿಗಿಯಾಗುತ್ತೆ.

ಬೀಡು ಒತ್ತಡವನ್ನ ಚೆನ್ನಾಗಿ ತಾಳುತ್ತೆ, ಎಳೆತವನ್ನೂ ಏಟನ್ನೂ ತಾಳಲ್ಲ. ಅದರೊಳಗಿನ ಗ್ರಾಫೈಟ್ ಪದರಗಳು ಮೊದಲೇ ಇರೋ ಬಿರುಕುಗಳ ಹಾಗೆ ವರ್ತಿಸ್ತವೆ. ಮೆಟೀರಿಯಲ್ ಸೈನ್ಸ್ ಪರೀಕ್ಷೆಯಲ್ಲಿ ನಾವು ಇದನ್ನೇ ಬರೆದು ಮಾರ್ಕ್ಸ್ ತಗೊಂಡಿದ್ವಿ. ಆದರೂ ಸಮ್ಮಟಿಗೆ ಎತ್ತಿದಾಗ ಒಬ್ಬರಿಗೂ ನೆನಪಾಗಲಿಲ್ಲ.

ಸರಿಯಾದ ಕ್ರಮ ಹೀಗೆ. ಮೊದಲು ನೆನೆಸೋದು. ಸಿಲಿಂಡರ್ ಒಳಗೆ ತುಕ್ಕು ಬಿಡಿಸೋ ತೆಳು ಎಣ್ಣೆ ಹಾಕಬೇಕು. ಆಟೋಮ್ಯಾಟಿಕ್ ಗೇರ್ ಆಯಿಲ್ ಮತ್ತು ಅಸಿಟೋನ್ ಅರ್ಧರ್ಧ ಬೆರೆಸಿ ಹಾಕೋರು ತುಂಬಾ ಜನ. ಡೀಸೆಲ್ ಅಥವಾ ಸೀಮೆಎಣ್ಣೆಯಲ್ಲೇ ಕೆಲಸ ಸಾಧಿಸೋರೂ ಇದ್ದಾರೆ. ಅಸಿಟೋನ್ ಬಳಸೋದಾದ್ರೆ ಹತ್ತಿರ ಬೆಂಕಿ ಇರಬಾರದು. ಹಾಕಿ ಎರಡು ದಿನ ಅಲ್ಲ, ವಾರಗಟ್ಟಲೆ ಬಿಡಬೇಕು. ನಡುವೆ ಆಗಾಗ ಫ್ಲೈವೀಲ್‌ಗೆ ಉದ್ದ ಮರದ ಸನ್ನೆ ಕೊಟ್ಟು ಎರಡೂ ಕಡೆಗೆ ಮೆಲ್ಲಗೆ ಒತ್ತಿ ನೋಡಬೇಕು. ಒಂದೇ ಕಡೆ ಅಲ್ಲ, ಎರಡೂ ಕಡೆ. ಒಂದು ಮಿಲಿಮೀಟರ್ ಅಲ್ಲಾಡಿದ್ರೂ ಗೆದ್ದ ಹಾಗೆ, ಯಾಕಂದ್ರೆ ಆ ಸಂದಿಗೆ ಮತ್ತೆ ಎಣ್ಣೆ ಇಳಿಯುತ್ತೆ.

ಅದಕ್ಕೂ ಜಗ್ಗದಿದ್ದರೆ ಪ್ಯಾಸ್ಕಲ್ ನಿಯಮ. ಬುಲ್‌ಡಾಗ್‌ನ ಇಂಧನ ನಾಜಲ್ ತೂತಿನಿಂದ ಒಳಗಡೆ ಪೂರ್ತಿ ಗ್ರೀಸ್ ತುಂಬಿ, ಗ್ರೀಸ್ ಗನ್‌ನಿಂದ ನಿಧಾನವಾಗಿ ಒತ್ತಡ ಏರಿಸ್ತಾರೆ. 225 ಮಿಲಿಮೀಟರ್ ವ್ಯಾಸದ ಪಿಸ್ಟನ್ ಮೇಲೆ 10 ಬಾರ್ ಒತ್ತಡ ಬಿದ್ದರೆ ಸಿಗೋ ಬಲ ಸುಮಾರು 40 ಕಿಲೋನ್ಯೂಟನ್, ಅಂದ್ರೆ ನಾಲ್ಕು ಟನ್ ತೂಕ ಇಟ್ಟ ಹಾಗೆ. ಸಮ್ಮಟಿಗೆ ಏಟು ಒಂದೇ ಜಾಗಕ್ಕೆ ಬೀಳುತ್ತೆ. ಈ ನಾಲ್ಕು ಟನ್ ಪಿಸ್ಟನ್‌ನ ಇಡೀ ಮುಖದ ಮೇಲೆ ಸಮನಾಗಿ ಹರಡಿರುತ್ತೆ. ವ್ಯತ್ಯಾಸ ಇರೋದೇ ಇಲ್ಲಿ.

ಆದರೆ ಟೂ ಸ್ಟ್ರೋಕ್‌ನಲ್ಲಿ ಒಂದು ಮರ್ಮ ಇದೆ. ಪೋರ್ಟ್‌ಗಳು ಪಿಸ್ಟನ್ ಮುಖಕ್ಕಿಂತ ಕೆಳಗೆ ಮುಚ್ಚಿಕೊಂಡಿರಬೇಕು. ಪಿಸ್ಟನ್ ಕೆಳ ತುದಿಯಲ್ಲಿ ನಿಂತಿದ್ದರೆ ಪೋರ್ಟ್ ತೆರೆದಿರುತ್ತೆ, ತುಂಬಿದ ಗ್ರೀಸ್ ಎಲ್ಲ ಸೈಲೆನ್ಸರ್ ಕಡೆಗೆ ಹೋಗುತ್ತೆ. ಹಾಗಾಗಿ ಪಿಸ್ಟನ್ ಎಲ್ಲಿ ನಿಂತಿದೆ ಅಂತ ಮೊದಲು ನೋಡಿಕೊಳ್ಳಬೇಕು. ಇನ್ನೊಂದು ದಾರಿ ಅಂದ್ರೆ ಮುಂದಿನ ತಲೆಯನ್ನ ಬಿಚ್ಚಿ, ಅದೇ ಸ್ಟಡ್‌ಗಳಿಗೆ ಗಟ್ಟಿ ಉಕ್ಕಿನ ಪಟ್ಟಿ ಕಟ್ಟಿ, ಪಟ್ಟಿಗೂ ಪಿಸ್ಟನ್‌ಗೂ ನಡುವೆ ಮರದ ದಿಮ್ಮಿ ಮತ್ತು ಹೈಡ್ರಾಲಿಕ್ ಜ್ಯಾಕ್ ಇಟ್ಟು ತಳ್ಳೋದು. ಒತ್ತಡ ಕೊಟ್ಟು ರಾತ್ರಿ ಹಾಗೇ ಬಿಟ್ಟು ಬರ್ತಾರೆ. ಎಷ್ಟೋ ಸಲ ಬೆಳಿಗ್ಗೆ ಬಂದು ನೋಡಿದಾಗ ಅದು ತಾನಾಗೇ ಜರುಗಿರುತ್ತೆ.

ಬೀಡು ಒಡೆದಿದ್ದರೆ, ಭಾಗ ಸಿಗದಿದ್ದರೆ

ಜರ್ಮನಿಯ ಚಳಿಗಾಲಕ್ಕೆ ಇನ್ನೊಂದು ಕಾಯಿಲೆ ಇದೆ. ನೀರು ಖಾಲಿ ಮಾಡದೆ ಬಿಟ್ಟರೆ ಅದು ಹೆಪ್ಪುಗಟ್ಟಿ ಸುಮಾರು 9 ಪರ್ಸೆಂಟ್ ಹಿಗ್ಗುತ್ತೆ, ಸಿಲಿಂಡರ್ ಸುತ್ತಲಿನ ನೀರಿನ ಕವಚ ಸೀಳುತ್ತೆ. ಕೊಟ್ಟಿಗೆಯಲ್ಲಿ ಮರೆತು ಹೋದ ಎಷ್ಟೋ ಹಳೇ ಎಂಜಿನ್‌ಗಳಿಗೆ ಹೀಗಾಗಿದೆ.

ಒಡೆದ ಬೀಡನ್ನ ಉಕ್ಕಿನ ಹಾಗೆ ಸುಮ್ಮನೆ ವೆಲ್ಡ್ ಮಾಡೋಕಾಗಲ್ಲ. ಅದರಲ್ಲಿ 3 ಪರ್ಸೆಂಟ್ ಆಸುಪಾಸು ಕಾರ್ಬನ್ ಇರುತ್ತೆ. ವೆಲ್ಡ್ ಪಕ್ಕದ ಜಾಗ ಬೇಗ ತಣ್ಣಗಾದ್ರೆ ಗಾಜಿನಷ್ಟು ಪೆಡಸಾಗಿ, ಪಕ್ಕದಲ್ಲೇ ಇನ್ನೊಂದು ಬಿರುಕು ಬರುತ್ತೆ. ಅದಕ್ಕೇ ಇಡೀ ಭಾಗವನ್ನ ಮೊದಲೇ ಕಾಯಿಸಿ, ನಿಕ್ಕಲ್ ರಾಡ್‌ನಿಂದ ಬೆಸೆದು, ಬೂದಿಯಲ್ಲೋ ಮರಳಲ್ಲೋ ಮುಚ್ಚಿ ಬಹಳ ನಿಧಾನವಾಗಿ ಆರಿಸ್ತಾರೆ. ಬೆಂಕಿಯೇ ಬೇಡ ಅನ್ನೋರಿಗೆ ಮೆಟಲ್ ಸ್ಟಿಚಿಂಗ್ ಇದೆ. ಬಿರುಕಿನ ಉದ್ದಕ್ಕೂ ತೂತು ಕೊರೆದು, ಥ್ರೆಡ್ ಹಾಕಿ, ಒಂದರ ಮೇಲೊಂದು ಏರುವ ಹಾಗೆ ಪಿನ್‌ಗಳನ್ನ ಕೂರಿಸ್ತಾ ಹೋಗೋದು. ಹರಿದ ಬಟ್ಟೆಗೆ ಹೊಲಿಗೆ ಹಾಕಿದ ಹಾಗೆ.

ಕೆಲವು ಭಾಗ ರಿಪೇರಿಗೂ ಸಿಗಲ್ಲ. ವರ್ಷಗಟ್ಟಲೆ ಕೆಂಪಗೆ ಕಾದು ಆರಿದ ಬುರುಡೆ ಬಿರುಕು ಬಿಟ್ಟಿದ್ದರೆ ಹೊಸದನ್ನ ಎರಕ ಹೊಯ್ಯಲೇಬೇಕು. ಹಳೇ ಭಾಗವನ್ನೇ ಮರಳಲ್ಲಿ ಒತ್ತಿ ಅಚ್ಚು ತೆಗೆದರೆ ಆಗಲ್ವಾ? ಆಗಲ್ಲ. ಬೀಡು ಆರುವಾಗ ಸುಮಾರು 1 ಪರ್ಸೆಂಟ್ ಕುಗ್ಗುತ್ತೆ. 400 ಮಿಲಿಮೀಟರ್ ಭಾಗ 4 ಮಿಲಿಮೀಟರ್ ಚಿಕ್ಕದಾಗಿ ಹುಟ್ಟುತ್ತೆ, ಯಾವ ಬೋಲ್ಟ್ ತೂತೂ ಕೂರಲ್ಲ. ಅದಕ್ಕೇ ಅಳತೆ ತೆಗೆದು, ಕುಗ್ಗೋದನ್ನೂ ಲೇತ್‌ನಲ್ಲಿ ಕೆರೆಯೋದನ್ನೂ ಸೇರಿಸಿ ದೊಡ್ಡದಾಗಿ ಪ್ಯಾಟರ್ನ್ ಮಾಡ್ತಾರೆ. ಮೊದಲು ಇದು ಮರಗೆಲಸದವರ ಕೈಚಳಕ. ಈಗ ಥ್ರೀಡಿ ಸ್ಕ್ಯಾನ್ ಮಾಡಿ, ಕಂಪ್ಯೂಟರ್‌ನಲ್ಲಿ ಹಿಗ್ಗಿಸಿ, ಪ್ಯಾಟರ್ನ್ ಪ್ರಿಂಟ್ ಮಾಡೋರೂ ಇದ್ದಾರೆ. ನಮ್ಮ ಫೌಂಡ್ರಿ ಲ್ಯಾಬ್‌ನಲ್ಲಿ "ಶ್ರಿಂಕೇಜ್ ಅಲೋಯನ್ಸ್" ಅಂತ ಬಾಯಿಪಾಠ ಮಾಡಿದ್ದು ಇದಕ್ಕೇ ಅಂತ ಆಗ ಅರ್ಥ ಆಯ್ತು.

ಆ ಕಾಲದ ಹಲವು ಎಂಜಿನ್‌ಗಳಲ್ಲಿ ಬೇರಿಂಗ್ ಅಂದ್ರೆ ಬಿಳಿಲೋಹ, ಅಂದ್ರೆ ತವರ ಮುಖ್ಯವಾಗಿರೋ ಮೆತ್ತನೆ ಮಿಶ್ರಲೋಹ. ಸುಮಾರು 240 ಡಿಗ್ರಿಯ ಹೊತ್ತಿಗೇ ಕರಗೋಕೆ ಶುರುವಾಗುತ್ತೆ. ಅದನ್ನ ಹೊಸದಾಗಿ ಹೊಯ್ದು, ಶಾಫ್ಟ್‌ಗೆ ನೀಲಿ ಬಣ್ಣ ಸವರಿ ಕೂರಿಸಿ, ಎಲ್ಲೆಲ್ಲಿ ನೀಲಿ ಹತ್ತಿತೋ ಅಲ್ಲಿ ಮಾತ್ರ ಕೈಯಿಂದ ಕೆರೀತಾರೆ. ಮತ್ತೆ ಕೂರಿಸಿ, ಮತ್ತೆ ಕೆರೀತಾರೆ. ಮೈ ಪೂರ್ತಿ ಸಮನಾಗಿ ನೀಲಿ ಕಾಣೋವರೆಗೂ ಇದೇ ಕೆಲಸ.

ಎಣ್ಣೆ ಮತ್ತು ಗಾಳಿ

ಈ ಎಂಜಿನ್ ಕ್ರ್ಯಾಂಕ್‌ಕೇಸ್‌ನಲ್ಲೇ ಗಾಳಿಯನ್ನ ಒತ್ತಿ ಸಿಲಿಂಡರ್‌ಗೆ ಕಳಿಸುತ್ತೆ. ಕ್ರ್ಯಾಂಕ್ ಶಾಫ್ಟ್ ಹೊರಗೆ ಬರೋ ಜಾಗದ ಸೀಲ್ ಸೋರಿದ್ರೆ ಗಾಳಿ ಸಾಲದೆ ಎಂಜಿನ್ ಸೊರಗುತ್ತೆ. ಉಳಿದಿದ್ದೆಲ್ಲ ಸರಿ ಇದ್ದು ಪವರ್ ಬರ್ತಿಲ್ಲ ಅಂದ್ರೆ ಮೊದಲು ಅನುಮಾನ ಇದರ ಮೇಲೆ.

ಎಣ್ಣೆ ವಿಷಯ ಇನ್ನೂ ಮುಖ್ಯ. ನಮ್ಮ ಕಾರುಗಳ ಹಾಗೆ ಎಣ್ಣೆ ಸುತ್ತಿ ಸುತ್ತಿ ಬರಲ್ಲ. ಒಂದು ಪಂಪ್ ಸಣ್ಣ ಸಣ್ಣ ಪೈಪ್‌ಗಳಲ್ಲಿ ಹನಿ ಹನಿಯಾಗಿ ಕಳಿಸುತ್ತೆ. ಒಂದು ಪೈಪ್ ಕಟ್ಟಿಕೊಂಡಿದ್ದರೂ ತಿಂಗಳುಗಟ್ಟಲೆ ಕೆರೆದ ಬೇರಿಂಗ್ ನಿಮಿಷಗಳಲ್ಲಿ ಹೋಗುತ್ತೆ. ಅದಕ್ಕೇ ಪ್ರತಿ ಪೈಪ್‌ನ ತುದಿ ಬಿಚ್ಚಿ, ಪಂಪ್ ಕೈಯಲ್ಲಿ ತಿರುಗಿಸಿ, ಹನಿ ಬೀಳೋದನ್ನ ಕಣ್ಣಾರೆ ನೋಡಿ ಆಮೇಲೆ ಜೋಡಿಸ್ತಾರೆ.

ಹಾಗಂತ ಜಾಸ್ತಿ ಎಣ್ಣೆ ಒಳ್ಳೇದು ಅಂದ್ಕೊಂಡ್ರೆ ಅದೂ ತಪ್ಪು. ಕ್ರ್ಯಾಂಕ್‌ಕೇಸ್‌ನಲ್ಲಿ ಎಣ್ಣೆ ನಿಂತರೆ ಅದು ಗಾಳಿ ಜೊತೆ ಸಿಲಿಂಡರ್‌ಗೆ ಹೋಗಿ ಇಂಧನವಾಗಿ ಉರಿಯುತ್ತೆ. ಆಗ ಡೀಸೆಲ್ ಬಂದ್ ಮಾಡಿದ್ರೂ ಎಂಜಿನ್ ನಿಲ್ಲಲ್ಲ, ವೇಗ ಏರ್ತಾನೇ ಹೋಗುತ್ತೆ. ಏನು ಕೊಟ್ಟರೂ ನುಂಗೋ ಗುಣ ಇಲ್ಲಿ ಮುಳುವಾಗುತ್ತೆ. ಆಗ ಉಳಿಯೋದು ಒಂದೇ ದಾರಿ, ಗಾಳಿ ಬರೋ ಬಾಯಿ ಮುಚ್ಚೋದು.

ಬಣ್ಣ ಬಳಿಯಬೇಕಾ?

ರಿಸ್ಟೋರ್ ಮಾಡೋರ ನಡುವೆ ಜಾಸ್ತಿ ಜಗಳ ಇರೋದು ಈ ವಿಷಯಕ್ಕೆ. ಮರಳು ಹೊಡೆದು, ಪುಟ್ಟಿ ತುಂಬಿ, ಫಳಫಳ ಹೊಳೆಯೋ ಹಾಗೆ ಬಣ್ಣ ಬಳಿದರೆ ನೋಡೋಕೆ ಚೆಂದ. ಆದರೆ ಆ ಟ್ರ್ಯಾಕ್ಟರ್ ಕಾರ್ಖಾನೆಯಿಂದ ಬಂದ ದಿನವೂ ಅಷ್ಟು ನುಣುಪಾಗಿ ಇರಲಿಲ್ಲ. ಚಾಲಕ ಕಾಲಿಟ್ಟು ಸವೆದ ಜಾಗ, ಬೆಲ್ಟ್ ಉಜ್ಜಿ ಹೊಳಪಾದ ಜಾಗ, ಊರಿನ ಕಮ್ಮಾರ ಹಾಕಿದ ತೇಪೆ, ಇವೆಲ್ಲ ಆ ಯಂತ್ರ ಬದುಕಿದ್ದಕ್ಕೆ ಸಾಕ್ಷಿ. ಒಮ್ಮೆ ಕೆರೆದು ಹಾಕಿದ್ರೆ ಯಾವ ದುಡ್ಡಿಗೂ ವಾಪಸ್ ಬರಲ್ಲ.

ಹಾಗಾಗಿ ಈಗ ಹಲವರು ಮಧ್ಯದ ದಾರಿ ಹಿಡೀತಾರೆ. ಹಳೇ ಬಣ್ಣ ಉಳಿದಿದ್ದರೆ ಅದನ್ನ ಉಳಿಸಿ ಎಣ್ಣೆ ಸವರಿ ಕಾಪಾಡೋದು. ಪೂರ್ತಿ ಹೋಗಿದ್ದರೆ ಟ್ಯಾಂಕ್ ಕೆಳಗೆ, ಬ್ರಾಕೆಟ್ ಹಿಂದೆ ಬಿಸಿಲು ಕಾಣದ ಮೂಲೆಯಲ್ಲಿ ಸಿಗೋ ಬಣ್ಣದ ಚೂರನ್ನ ನೋಡಿ ಅದೇ ಬಣ್ಣ ಬೆರೆಸೋದು. ಹೊಸದಾಗಿ ಮಾಡಿದ ಭಾಗದ ಮೇಲೆ ಕಾಣದ ಕಡೆ ವರ್ಷ ಕೊರೆದಿಡೋದು, ಮುಂದೆ ಯಾರಿಗೂ ಮೋಸ ಆಗಬಾರದು ಅಂತ. ಒಂದು ಎಚ್ಚರಿಕೆ: ಹಳೇ ಬಣ್ಣದಲ್ಲಿ ಸೀಸ, ಹಳೇ ಕ್ಲಚ್ ಮತ್ತು ಬ್ರೇಕ್ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು. ಒಣಗಿದ್ದನ್ನ ಉಜ್ಜಿ ಧೂಳೆಬ್ಬಿಸಬಾರದು. ಒದ್ದೆ ಮಾಡಿಕೊಂಡು, ಸರಿಯಾದ ಮಾಸ್ಕ್ ಹಾಕಿಕೊಂಡೇ ಮುಟ್ಟಬೇಕು.

ಕೊನೆಗೂ ಸ್ಟಾರ್ಟ್

ಇಷ್ಟೆಲ್ಲ ಆದ ಮೇಲೆ ಆ ದಿನ ಬರುತ್ತೆ. ಬುಲ್‌ಡಾಗ್ ಸ್ಟಾರ್ಟ್ ಆಗೋದು ನೋಡೋದೇ ಒಂದು ಹಬ್ಬ.

ಬುರುಡೆಯ ಕೆಳಗೆ ಬ್ಲೋ ಲ್ಯಾಂಪ್ ಹಚ್ಚಿಡ್ತಾರೆ. ನಮ್ಮ ಹಳೇ ಪಂಪ್ ಸ್ಟೌವ್ ಇದೆಯಲ್ಲ, ಅದೇ ತತ್ವ, ಅದೇ ಭೋರ್ ಅನ್ನೋ ಸದ್ದು. ಹತ್ತು ಹದಿನೈದು ನಿಮಿಷದಲ್ಲಿ ಬುರುಡೆ ಚೆನ್ನಾಗಿ ಕಾಯುತ್ತೆ. ಅಷ್ಟರಲ್ಲಿ ಎಣ್ಣೆ ಪಂಪ್ ಕೈಯಲ್ಲಿ ತಿರುಗಿಸಿ ಬೇರಿಂಗ್‌ಗಳಿಗೆ ಎಣ್ಣೆ ಮುಟ್ಟಿಸ್ತಾರೆ. ಆಮೇಲೆ ಸ್ಟೀರಿಂಗ್ ಚಕ್ರವನ್ನ ಅದರ ದಂಡದ ಸಮೇತ ಕಿತ್ತು ತೆಗೀತಾರೆ! ಅದನ್ನೇ ಪಕ್ಕದ ಫ್ಲೈವೀಲ್‌ನ ನಡುವೆ ಸಿಕ್ಕಿಸ್ತಾರೆ. ಈಗ ಅದೇ ಸ್ಟಾರ್ಟಿಂಗ್ ಹ್ಯಾಂಡಲ್. ಪೂರ್ತಿ ಸುತ್ತು ಹಾಕೋ ಅಗತ್ಯ ಇಲ್ಲ. ತೊಟ್ಟಿಲು ತೂಗಿದ ಹಾಗೆ ಆ ಕಡೆ ಈ ಕಡೆ ತೂಗಿ, ಕಂಪ್ರೆಶನ್‌ಗೆ ತಾಗಿಸಿ ಬಿಟ್ಟರೆ, ಢಮ್ ಅಂತ ಒಂದು ಸಲ ಹೊತ್ತಿಕೊಳ್ಳುತ್ತೆ. ತಕ್ಷಣ ಸ್ಟೀರಿಂಗ್ ಎಳೆದುಕೊಂಡು ಹಿಂದೆ ಸರೀಬೇಕು. ತಡ ಮಾಡಿದ್ರೆ ಮುಂಗೈ ಮುರಿಯುತ್ತೆ.

ಮೊದಲ ಸಲ ಸ್ಟಾರ್ಟ್ ಮಾಡುವಾಗ ಫ್ಲೈವೀಲ್‌ನ ನೇರಕ್ಕೆ ಯಾರೂ ನಿಲ್ಲಬಾರದು. ಗೇರ್ ನ್ಯೂಟ್ರಲ್‌ನಲ್ಲಿ, ಚಕ್ರಗಳಿಗೆ ಅಡ್ಡ ಕಲ್ಲು. ಒಬ್ಬರು ಗಾಳಿ ಬಾಯಿಯ ಹತ್ತಿರ ಹಲಗೆ ಹಿಡಿದು ನಿಂತಿರಬೇಕು, ಇನ್ನೊಬ್ಬರು ಬೆಂಕಿ ಆರಿಸೋ ಸಿಲಿಂಡರ್ ಹಿಡಿದು. ಎಂಜಿನ್ ಯಾವ ದಿಕ್ಕಿಗೆ ತಿರುಗ್ತಿದೆ ಅಂತ ನೋಡಿದ ಮೇಲೇ ಕ್ಲಚ್ ಮುಟ್ಟಬೇಕು. ಐಡ್ಲಿಂಗ್‌ನಲ್ಲಿ ಇಡೀ ಟ್ರ್ಯಾಕ್ಟರ್ ಕುಣಿಯುತ್ತೆ. ಅದು ರಿಪೇರಿ ತಪ್ಪಲ್ಲ. ಒಂದೇ ದೊಡ್ಡ ಪಿಸ್ಟನ್ ಮುಂದೆ ಹಿಂದೆ ಓಡಾಡ್ತಿದ್ರೆ ಹಾಗಾಗಲೇಬೇಕು. ಕೆಲಸವಿಲ್ಲದೆ ತುಂಬಾ ಹೊತ್ತು ಐಡ್ಲಿಂಗ್‌ನಲ್ಲಿ ಬಿಟ್ಟರೆ ಬುರುಡೆ ತಣ್ಣಗಾಗಿ ಎಂಜಿನ್ ನಿಂತೇ ಹೋಗುತ್ತೆ.

ತಾತನ ಎಂಜಿನ್

ಇಷ್ಟೆಲ್ಲ ಓದಿದ ಮೇಲೆ ನಮಗೆ ಅರ್ಥ ಆಗಿದ್ದು ಒಂದೇ. ನಾವು ಕೊನೆಯ ಕೆಲಸದಿಂದ ಶುರು ಮಾಡಿದ್ವಿ. ರಿಸ್ಟೋರ್ ಅಂದ್ರೆ ಮೊದಲು ಓಡಿಸೋದಲ್ಲ, ಉಳಿದಿರೋದನ್ನ ಕಳೀದೇ ಇರೋದು. ಸೂತ್ರ, ಮೆಟೀರಿಯಲ್ ಪಾಠ ಎಲ್ಲ ಗೊತ್ತಿತ್ತು. ಆದರೆ ಅದು ಪರೀಕ್ಷೆ ಹಾಳೆಯಲ್ಲಿತ್ತು, ಕೈಗೆ ಇಳಿದಿರಲಿಲ್ಲ.

ಯುಗಾದಿಗೆ ಮತ್ತೆ ಮಂಡ್ಯಕ್ಕೆ ಹೋದ್ವಿ. ಈ ಸಲ ಸಮ್ಮಟಿಗೆ ಮುಟ್ಟಲಿಲ್ಲ. ಮೊದಲ ದಿನ ಪೂರ್ತಿ ಫೋಟೋ ತೆಗೆದು, ನಂಬರ್‌ಗಳನ್ನ ನೋಟ್‌ಬುಕ್‌ನಲ್ಲಿ ಬರೆದುಕೊಂಡ್ವಿ. ಇಂಜೆಕ್ಟರ್ ಬಿಚ್ಚಿ ಸೀಮೆಎಣ್ಣೆ, ಎಂಜಿನ್ ಎಣ್ಣೆ ಬೆರೆಸಿ ಹಾಕಿ, ಮೇಲೆ ಬಟ್ಟೆ ಕಟ್ಟಿ ಬಂದ್ವಿ. ಒಡೆದ ಫ್ಲೈವೀಲ್ ಮೇಲೆ "ಓಡಿಸಬೇಡಿ" ಅಂತ ಸುಣ್ಣದಲ್ಲಿ ದೊಡ್ಡದಾಗಿ ಬರೆದಿದ್ದೀವಿ. ಅದೇ ಅಳತೆಯ ಇನ್ನೊಂದು ಚಕ್ರಕ್ಕೆ ಗುಜರಿಗಳಲ್ಲಿ ಹುಡುಕ್ತಿದ್ದೀವಿ. ನಿಮ್ಮ ಊರಲ್ಲಿ ಹಳೇ ಆಯಿಲ್ ಎಂಜಿನ್ ಮೂಲೆಯಲ್ಲಿ ಬಿದ್ದಿದ್ದರೆ ದಯವಿಟ್ಟು ಕ್ಲಬ್‌ಗೆ ತಿಳಿಸಿ. ಅದನ್ನ ತೂಕಕ್ಕೆ ಹಾಕೋ ಮುಂಚೆ ಒಂದು ಫೋಟೋ ಆದ್ರೂ ತೆಗೀರಿ.

ಹೋದ ವಾರ ತಾತ ಫೋನ್ ಮಾಡಿದ್ರು. ದಿನಾ ಸಂಜೆ ಬಿದಿರಿನ ಸನ್ನೆ ಹಾಕಿ ಮೆಲ್ಲಗೆ ಒತ್ತಿ ನೋಡ್ತಿದ್ರಂತೆ. "ಒಂದ್ ಬೆರಳಷ್ಟು ಅಲ್ಲಾಡ್ತು ಕಣ್ರಪ್ಪಾ" ಅಂದ್ರು.